ಲಾಂಡ್ರಿಯ ಆಚೆಗಿನ ಸ್ವಿಚ್ಚು

ಗುರುವಾರ ಮಧ್ಯಾಹ್ನ,
ಆಫೀಸಿನಿಂದ

ಅಣ್ಣನಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಹೊಡೆದದ್ದು ನಿನಗೆ ಕಾಣಲಿ ಎಂದೇ ಹೊಸ ಹಾಳೆ ತೆಗೆದುಕೊಂಡಿಲ್ಲ.

ಈ ಕಥೆಯನ್ನು ಮೊದಲು ಹೇಳಿದವನು ನೀನು. ಕಳೆದ ಶನಿವಾರ, ಮನೆಯಲ್ಲಿ, ಊಟದ ಮೇಜಿನ ಮುಂದೆ ಹೇಳಿದೆ. ಕೇಳಿದವರು ಅಮ್ಮ, ಅತ್ತಿಗೆ ಮತ್ತು ನಾನು. ಅಮ್ಮ ಬಡಿಸುವುದನ್ನು ಬಿಟ್ಟು ಸೌಟು ಹಿಡಿದುಕೊಂಡೇ ಕೇಳಿದಳು. ಆಸ್ಪತ್ರೆಯ ಡಯಾಲಿಸಿಸ್ ಕಟ್ಟಡದಲ್ಲಿ ನಮ್ಮ ಚಿಕ್ಕವನು ಯಾವುದೋ ತಂತಿ ಕಿತ್ತ, ಕರೆಗಂಟೆಗಳೆಲ್ಲ ಸತ್ತವು, ಒಬ್ಬ ರೋಗಿಯ ಜೀವ ಹೋಗುವುದರಲ್ಲಿತ್ತು, ನೀನು ಕಂಟ್ರೋಲ್ ರೂಮಿನಲ್ಲಿ ಕೂತು ಎಲ್ಲವನ್ನೂ ಸರಿಮಾಡಿದೆ. ಇಷ್ಟು ನಿನ್ನ ಕಥೆ. ನಡುನಡುವೆ ಫ್ಲೋ ಟೇಬಲ್ಲು, ಇನ್‌ಬ್ಯಾಂಡು ಎಂದು ಒಂದಷ್ಟು ಉದುರಿಸಿದೆ. ತಿಳಿಯದ ಮಾತು ಬಂದರೆ ಅಮ್ಮ ಎದುರು ಪ್ರಶ್ನೆ ಕೇಳುವುದಿಲ್ಲ ಎನ್ನುವುದು ನಿನಗೆ ಚೆನ್ನಾಗಿ ಗೊತ್ತು. ಕೊನೆಗೆ, ಈ ತಿಂಗಳು ಮುಗಿದರೆ ಅವನು ನಮ್ಮ ಕಂಪನಿಯಲ್ಲಿ ಇರುವುದಿಲ್ಲ, ಆಸ್ಪತ್ರೆಯವರಿಗೆ ಹಾಗಂತ ಮಾತು ಕೊಟ್ಟು ಬಂದಿದ್ದೇನೆ ಎಂದೆ. ಎಂದವನು ಅದೇ ಉಸಿರಿನಲ್ಲಿ ಕುಡಿಯಲು ನೀರು ಕೇಳಿದೆ.

ನಾನು ಬಾಯಿ ತೆರೆದೆ. ‘ನೀನು ಸುಮ್ನಿರು, ನಿಂಗೆ ಎರಡೂ ಕಡೆ ತಾಳ ಹಾಕಿ ಅಭ್ಯಾಸ’ ಅಂದೆ ನೀನು. ಬೆಳಿಗ್ಗೆ ಎದ್ದು ಬೇರೆ ಊರಿನ ಕೆಲಸಕ್ಕೆ ಹೊರಟೂ ಹೋದೆ. ಫೋನ್ ಮಾಡಿದರೆ ನಾನು ಒಂದು ಮಾತು ಮುಗಿಸುವುದರೊಳಗೆ ನಾಲ್ಕು ಹೇಳಿ ಇಟ್ಟುಬಿಡುತ್ತೀಯ. ಕಾಗದದ ಬಾಯಿಗೆ ಅಡ್ಡ ಬಾಯಿ ಹಾಕುವುದು ನಿನ್ನಿಂದಲೂ ಆಗುವುದಿಲ್ಲ. ಹಾಗಾಗಿ ಕಾಗದ.

ಚಿಕ್ಕಂದಿನಲ್ಲಿ ಹಳ್ಳಿಯಲ್ಲಿ ಅಜ್ಜಿ ಕಥೆ ಹೇಳುವಾಗ ನಾವು ಮೂವರೂ ಒಂದೇ ಕಂಬಳಿಯೊಳಗೆ ತೂರಿಕೊಂಡಿರುತ್ತಿದ್ದೆವು. ರಾಕ್ಷಸನ ಕಥೆಯಾದರೂ ಅಜ್ಜಿ ರಾಕ್ಷಸನ ಪಾಲಿನ ಮಾತನ್ನು ಅವನಿಗೇ ಬಿಡುತ್ತಿದ್ದಳು. ‘ಅವನಿಗೂ ಏನೋ ಹೇಳೋದಿರುತ್ತೆ, ಕೇಳಿ’ ಎನ್ನುತ್ತಿದ್ದಳು. ನೀನು ಒಡಹುಟ್ಟಿದ ತಮ್ಮನಿಗೆ ಅಷ್ಟನ್ನೂ ಬಿಡಲಿಲ್ಲ. ಆದ್ದರಿಂದ ಅದೇ ಕಥೆಯನ್ನು ನಾನು ಇನ್ನೊಮ್ಮೆ ಹೇಳುತ್ತೇನೆ, ಅಮ್ಮನಿಗೂ ತಿಳಿಯುವ ಮಾತಿನಲ್ಲಿ. ಗೊತ್ತಿರುವುದನ್ನೇ ಬಿಡಿಸಿ ಹೇಳುತ್ತಾಳಲ್ಲ ಎಂದು ನಿನಗೆ ಸಿಟ್ಟು ಬಂದರೆ ಬರಲಿ. ನನಗೆ ಬಂದಿರುವುದರ ಮುಂದೆ ಅದು ಯಾವ ಲೆಕ್ಕ.

ಅಪ್ಪ ಹೋದ ಮೇಲೆ ಕಂಪನಿಗೆ ಅಮ್ಮನ ಹೆಸರಾಯಿತು, ದುಡಿಯುವ ಕೈ ನಮ್ಮ ಮೂವರದು. ಆಸ್ಪತ್ರೆಯ ಕೆಲಸ ಸಿಕ್ಕಾಗ ನಾವು ಮೂವರೂ ಕುಣಿದಿದ್ದೆವು. ಆ ಆಸ್ಪತ್ರೆಯ ಪ್ರತಿ ಕಟ್ಟಡದಲ್ಲೂ ಒಂದು ಸ್ವಿಚ್ಚಿದೆ. ದೀಪ ಹಾಕುವ ಸ್ವಿಚ್ಚಲ್ಲ; ಫೋನು, ಕಂಪ್ಯೂಟರು, ರೋಗಿಗಳ ಕರೆಗಂಟೆ, ಎಲ್ಲದರ ತಂತಿಗಳು ಬಂದು ಸೇರುವ ಪೆಟ್ಟಿಗೆ. ಯಾವ ತಂತಿಯಲ್ಲಿ ಬಂದದ್ದನ್ನು ಯಾವ ತಂತಿಗೆ ದಾಟಿಸಬೇಕು ಎನ್ನುವುದಷ್ಟೇ ಅದರ ಕೆಲಸ. ಮೊದಲು ಪ್ರತಿ ಪೆಟ್ಟಿಗೆಗೂ ಅದರದೇ ಬುದ್ಧಿ ಇತ್ತು. ನೀನು ತಂದ ಹೊಸ ಪದ್ಧತಿಯಲ್ಲಿ ಆ ಬುದ್ಧಿಯನ್ನೆಲ್ಲ ತೆಗೆದು ಒಂದೇ ಕಡೆ ಇಟ್ಟೆವು. ಮುಖ್ಯ ಕಟ್ಟಡದಲ್ಲಿರುವ ಕಂಟ್ರೋಲರ್ ಹೇಳುತ್ತದೆ, ಪೆಟ್ಟಿಗೆಗಳು ಕೇಳುತ್ತವೆ. ಪದ್ಧತಿ ಒಳ್ಳೆಯದೇ. ಅದರ ಮೇಲೆ ನನಗೆ ಸಿಟ್ಟಿಲ್ಲ.

ಮುಖ್ಯ ಕಟ್ಟಡದ ಪೆಟ್ಟಿಗೆಗಳಿಗೆ ಕಂಟ್ರೋಲರಿನಿಂದ ನೇರ ತಂತಿ ಇದೆ. ಅಂಗಳದ ಆಚೆ ಇರುವ ಲಾಂಡ್ರಿಗೂ ಇದೆ. ಲಾಂಡ್ರಿಯ ಬೆನ್ನಿಗೆ ಅಂಟಿಕೊಂಡಿರುವ ಡಯಾಲಿಸಿಸ್ ಕಟ್ಟಡಕ್ಕೆ ಇಲ್ಲ. ಅಲ್ಲಿಯ ಪೆಟ್ಟಿಗೆಗೆ ಹೋಗುವ ಆಜ್ಞೆ ಲಾಂಡ್ರಿಯ ಪೆಟ್ಟಿಗೆಯನ್ನು ಹೊಕ್ಕು, ಉಳಿದ ಫೋನು ಗೀನುಗಳ ಜೊತೆ ಅದೇ ತಂತಿಯಲ್ಲಿ ನುಗ್ಗಿಕೊಂಡು ಹೋಗಬೇಕು. ಲಾಂಡ್ರಿ ದಾರಿ ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ.

ಕೆಲಸ ಶುರುವಾಗುವಾಗಲೇ ಚಿಕ್ಕವನು ಅಂಗಳ ಅಗೆದು ನೇರ ತಂತಿ ಎಳೆಯೋಣ ಎಂದ. ನೀನು ಬೇಡವೆಂದೆ. ನಿನ್ನ ಮಾತಿನಲ್ಲೂ ಹುರುಳಿತ್ತು. ರೋಗಿಗಳನ್ನು ಮಂಚದ ಸಮೇತ ತಳ್ಳಿಕೊಂಡು ಹೋಗುವ ಅಂಗಳವನ್ನು ಅಗೆದು ಕೂರುವುದು ಸುಲಭವಲ್ಲ; ಲಾಂಡ್ರಿಯ ಪೆಟ್ಟಿಗೆಯಲ್ಲಿ ದಾರಿಯನ್ನು ಸರಿಯಾಗಿ ಬರೆದಿಟ್ಟರೆ ಆಜ್ಞೆ ಚೆನ್ನಾಗಿಯೇ ಹೋಗುತ್ತದೆ. ಆದರೆ ಅವನು ಆಸ್ಪತ್ರೆಯವರ ಎದುರಿಗೇ ‘ಸ್ಕ್ರೀನ್ ಮುಂದೆ ಕೂತ ಮಹಾರಾಜ್ರಿಗೆ ಅಂಗಳ ಎಲ್ಲಿದೆ ಅಂತಾದ್ರೂ ಗೊತ್ತಾ’ ಅಂದ. ನೀನು ‘ಏಣಿ ಹೊರೋನು ಏಣಿ ಹೊರಲಿ’ ಅಂದೆ. ಒಂದೇ ಕಾಲೇಜಿನಲ್ಲಿ ಓದಿದವರು, ಒಂದೇ ತಾಯಿಯ ಮಕ್ಕಳು. ಅಲ್ಲಿಗೆ ನಿಂತಿತು ನಿಮ್ಮಿಬ್ಬರ ಮಾತು. ಎಂಟು ತಿಂಗಳಿಂದ ನಿಮ್ಮಿಬ್ಬರ ನಡುವಿನ ಲಾಂಡ್ರಿ ಪೆಟ್ಟಿಗೆ ನಾನು.

ವ್ಯಾನಿನಲ್ಲಿ ನಾವು ಮೂವರೇ ಇರುತ್ತೇವೆ. ನೀನು ಸ್ಟೀರಿಂಗ್ ಹಿಡಿದು, ನಾನು ನಿನ್ನ ಪಕ್ಕ, ಅವನು ಹಿಂದೆ ತಂತಿಯ ಸುರುಳಿಗಳ ನಡುವೆ. ‘ಕಿಟಕಿ ಹಾಕೋಕೆ ಹೇಳು ಅವನಿಗೆ, ಧೂಳು ಬರ್ತಿದೆ.’ ‘ಮೂಗು ಮುಚ್ಕೊಳ್ಳೋಕೆ ಹೇಳು ಅವನಿಗೆ, ನಂಗೆ ಸೆಕೆ.’ ನಾನು ನಿನ್ನ ಕಡೆ ತಿರುಗಿ ‘ಮೂಗು ಮುಚ್ಕೋಬೇಕಂತೆ’ ಎನ್ನಬೇಕು. ಅವನ ಬಾಯಿಗೂ ನಿನ್ನ ಕಿವಿಗೂ ಮೂರು ಗೇಣು ದೂರ ಇಲ್ಲ. ಒಂದು ದಿನ ಹೆಡ್ ನರ್ಸ್ ಬಸ್ ಸ್ಟಾಪಿನವರೆಗೆ ನಮ್ಮ ಜೊತೆ ಬಂದವರು, ಇಳಿಯುವಾಗ ನನ್ನನ್ನು ಪಕ್ಕಕ್ಕೆ ಕರೆದು ‘ಇಬ್ರಲ್ಲಿ ಯಾರಿಗಮ್ಮ ಕಿವಿ ಕೇಳಿಸಲ್ಲ’ ಎಂದು ಮರುಕದಿಂದ ಕೇಳಿದರು. ಆಗ ನಕ್ಕಿದ್ದೆ. ಈಗ ಆ ನಗುವಿನ ಮೇಲೂ ಸಿಟ್ಟು ಬರುತ್ತದೆ.

ಇನ್ನು ಆ ಶುಕ್ರವಾರದ ವಿಷಯ.

ಲಾಂಡ್ರಿಯಲ್ಲಿ ಯಾರ್ಯಾರೋ ಸ್ವಂತ ಫೋನುಗಳನ್ನು ಆಸ್ಪತ್ರೆಯ ಜಾಲಕ್ಕೆ ಸೇರಿಸಿಕೊಂಡು ಸಿನಿಮಾ ನೋಡುತ್ತಾರೆ ಎಂಬ ದೂರು ಬಂದಿತ್ತು. ನೀನು ಹೊಸ ನಿಯಮ ಮಾಡಿದೆ: ನೀನು ಗೊತ್ತುಮಾಡಿದ ಯಂತ್ರಗಳ ಮಾತು ಬಿಟ್ಟು ಬೇರೆ ಯಾವುದನ್ನೂ ಲಾಂಡ್ರಿಯ ಪೆಟ್ಟಿಗೆ ದಾಟಿಸಕೂಡದು. ಬೆಳಿಗ್ಗೆ ಲಿಫ್ಟಿನ ಹತ್ತಿರ ಚಿಕ್ಕವನು ನನ್ನನ್ನು ನಿಲ್ಲಿಸಿದ. ‘ಅಕ್ಕ, ಅವನಿಗೆ ಹೇಳು. ಬಾಗಿಲು ಹಾಕೋ ಮುಂಚೆ ಡಯಾಲಿಸಿಸ್‌ಗೆ ಹೋಗೋ ಆಜ್ಞೆಗೆ ದಾರಿ ಬರೀಲಿ. ಅದು ಮೊದಲು, ಉಳಿದದ್ದು ಆಮೇಲೆ. ಮರೆತ್ರೆ ಆ ಪೆಟ್ಟಿಗೆ ಅಲ್ಲಿಂದ ಎಷ್ಟು ಕೂಗಿದ್ರೂ ಇಲ್ಲಿಗೆ ಕೇಳ್ಸಲ್ಲ.’

ನಾನು ಕಂಟ್ರೋಲ್ ರೂಮಿಗೆ ಬಂದು ಅಷ್ಟನ್ನೂ ಹೇಳಿದೆ. ಒಂದು ಪದ ಬಿಡಲಿಲ್ಲ, ಒಂದು ಪದ ಸೇರಿಸಲಿಲ್ಲ. ನೀನು ಸ್ಕ್ರೀನಿನಿಂದ ಮುಖ ತಿರುಗಿಸದೆ ‘ನಂಗೆ ಪಾಠ ಮಾಡೋದು ಬೇಡ ಅಂತ ಹೇಳು’ ಅಂದೆ. ‘ಪಾಠ ಅಲ್ಲ ಅಣ್ಣ, ಒಂದ್ಸಲ ನೋಡ್ಬಿಡು’ ಎಂದೆ. ‘ಅವನು ಹೇಳ್ದ ಅಂತ ನೋಡ್ಬೇಕಾ?’ ಅಂದೆ ನೀನು.

ಅಣ್ಣ, ನನ್ನ ಹೊಟ್ಟೆ ಉರಿಯುವುದು ಇಲ್ಲಿ. ನೆಲ ಒರೆಸುವವರು ಬಂದು ಅದೇ ಮಾತು ಹೇಳಿದ್ದರೂ ನೀನು ನೋಡುತ್ತಿದ್ದೆ. ದಾರಿಯಲ್ಲಿ ಹೋಗುವವರು ಕಿಟಕಿಯಿಂದ ಕೂಗಿ ಹೇಳಿದ್ದರೂ ನೋಡುತ್ತಿದ್ದೆ. ಅವನು ಹೇಳಿದ್ದರಿಂದ ನೋಡಲಿಲ್ಲ. ಡಯಾಲಿಸಿಸ್‌ನ ಫೋನು, ಕಂಪ್ಯೂಟರು, ಕರೆಗಂಟೆ ಎಲ್ಲಕ್ಕೂ ನೀನು ಲಾಂಡ್ರಿಯಲ್ಲಿ ಅಪ್ಪಣೆ ಕೊಟ್ಟಿದ್ದೆ. ಆ ಕಟ್ಟಡದ ಪೆಟ್ಟಿಗೆಗೆ ಹೋಗುವ ನಿನ್ನ ಸ್ವಂತ ಆಜ್ಞೆಗೆ ಮಾತ್ರ ಕೊಟ್ಟಿರಲಿಲ್ಲ.

ನೀನು ಬಟನ್ ಒತ್ತಿದೆ. ಸ್ಕ್ರೀನಿನ ಮೇಲೆ ಚುಕ್ಕಿಗಳೆಲ್ಲ ಹಸಿರಾಗಿಯೇ ಇದ್ದವು. ‘ಆಕಾಶ ಬಿತ್ತಾ? ಹೋಗಿ ಹೇಳು ನಿನ್ನ ತಮ್ಮನಿಗೆ’ ಎಂದು ಊಟಕ್ಕೆ ಎದ್ದೆ. ಸಂಪರ್ಕ ತಪ್ಪಿದ ಚುಕ್ಕಿ ಕೆಂಪಾಗಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ನೀನು ಕೂರಲಿಲ್ಲ.

ಕೂಡಲೇ ಏನೂ ಆಗಲಿಲ್ಲ, ನಿಜ. ಡಯಾಲಿಸಿಸ್‌ನ ಪೆಟ್ಟಿಗೆಯಲ್ಲಿ ನೀನು ಮೊದಲು ಕೊಟ್ಟ ಆಜ್ಞೆಗಳು ಇನ್ನೂ ಉಳಿದಿದ್ದವು. ಪ್ರತಿ ಆಜ್ಞೆಗೂ ಒಂದು ಆಯುಸ್ಸು. ಅದು ಮುಗಿದಾಗ ಪೆಟ್ಟಿಗೆ ‘ಮುಂದೇನು ಮಾಡಲಿ’ ಎಂದು ಕಂಟ್ರೋಲರನ್ನು ಕೇಳುತ್ತದೆ. ಅದು ಕೇಳಿತು. ಕೇಳುತ್ತಲೇ ಇತ್ತು. ಲಾಂಡ್ರಿಯ ಪೆಟ್ಟಿಗೆ ಆ ಪ್ರಶ್ನೆಯನ್ನು ಪ್ರತಿ ಸಲವೂ ಬಾಗಿಲಲ್ಲೇ ತಡೆದು ಎಸೆಯಿತು, ಯಾಕೆಂದರೆ ಹಾಗೆ ಮಾಡೆಂದು ನೀನೇ ಹೇಳಿದ್ದೆ. ಹಳೆಯ ಆಜ್ಞೆಗಳು ಒಂದೊಂದಾಗಿ ಸತ್ತವು. ಮೊದಲು ಮೂಲೆಯ ಕಂಪ್ಯೂಟರು ನಿಂತಿತು. ಆಮೇಲೆ ನರ್ಸುಗಳ ಮೇಜಿನ ಫೋನು. ಆಮೇಲೆ ಕರೆಗಂಟೆಗಳು, ಒಂದು ಮಂಚದ್ದಾದ ಮೇಲೆ ಇನ್ನೊಂದು ಮಂಚದ್ದು.

ಅದೇ ಹೊತ್ತಿಗೆ ಚಿಕ್ಕವನು ಅದೇ ಕಟ್ಟಡದಲ್ಲಿ ಏಣಿ ಹತ್ತಿ, ಛಾವಣಿಯ ಹಲಗೆ ಸರಿಸಿ, ಹೊಸ ಕ್ಯಾಮೆರಾಕ್ಕೆ ತಂತಿ ಎಳೆಯುತ್ತಿದ್ದ. ಅವನ ಗ್ರಹಚಾರ. ಕೈಯಲ್ಲಿ ತಂತಿ ಹಿಡಿದು ಎಲ್ಲರ ಕಣ್ಣಿಗೆ ಬೀಳುವ ಹಾಗೆ ನಿಂತವನು ಅವನೊಬ್ಬನೇ.

ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬರು ಮೇಷ್ಟ್ರು ಮಲಗಿರುತ್ತಾರಲ್ಲ, ನಮ್ಮನ್ನು ಕಂಡಾಗಲೆಲ್ಲ ‘ಏನ್ರಪ್ಪಾ, ಇನ್ನೂ ದಾರ ಕಟ್ಟಿ ಮುಗಿದಿಲ್ವಾ’ ಎನ್ನುವವರು. ಅವರ ರಕ್ತದೊತ್ತಡ ಇಳಿಯತೊಡಗಿತು. ಗಂಟೆ ಒತ್ತಿದರು. ಆ ಗಂಟೆಯೂ ಸತ್ತಿತ್ತು.

ನಾನು ಆಗ ಕಾರಿಡಾರಿನಲ್ಲಿ ಎರಡು ಕಿವಿಗೆ ಎರಡು ಮೊಬೈಲ್ ಹಿಡಿದು ನಿಂತಿದ್ದೆ. ಕಂಟ್ರೋಲ್ ರೂಮಿಗೆ ಮರಳಿ ಕೆಂಪು ಚುಕ್ಕಿ ಕಂಡ ನೀನು ಊಟದ ಕೈಯಲ್ಲೇ ಫೋನ್ ಮಾಡಿದ್ದೆ. ‘ತಂತಿ ಕಿತ್ತಿದ್ದಾನೆ, ಸಿಕ್ಕಿಸೋಕೆ ಹೇಳು.’ ಇನ್ನೊಂದು ಕಿವಿಯಲ್ಲಿ ಅವನು, ‘ನಾನೇನೂ ಕಿತ್ತಿಲ್ಲ, ಲಾಂಡ್ರಿಯಲ್ಲಿ ದಾರಿ ಬರೆದ್ನಾ ಕೇಳು.’ ‘ತಂತಿ ಸಿಕ್ಕಿಸೋಕೆ ಹೇಳು ಅಂದ್ನಲ್ಲ.’ ‘ದಾರಿ ಬರೆಯೋಕೆ ಹೇಳು ಅಂದ್ನಲ್ಲ.’ ಆ ಕುರ್ಚಿಯಿಂದ ಏಳದೆ ನೀನು ನಿಯಮದ ಆ ಒಂದು ಸಾಲು ತೆಗೆಯಬಹುದಿತ್ತು. ಲಾಂಡ್ರಿಯ ಪೆಟ್ಟಿಗೆ ನಿನ್ನ ಕೈಗೆ ಸಿಕ್ಕುತ್ತಲೇ ಇತ್ತು. ಆದರೆ ತೆಗೆಯಬೇಕಾದರೆ ಮೊದಲು ನಿನ್ನ ನಿಯಮವನ್ನು ನೀನೇ ನೋಡಬೇಕು. ನೀನು ಡಯಾಲಿಸಿಸ್‌ನ ಪೆಟ್ಟಿಗೆಗೆ ಆಜ್ಞೆಯ ಮೇಲೆ ಆಜ್ಞೆ ಕಳಿಸುತ್ತಾ ಕೂತೆ. ಅವೆಲ್ಲ ಲಾಂಡ್ರಿಯ ಬಾಗಿಲಲ್ಲಿ ಬಿದ್ದವು.

ಅಷ್ಟರಲ್ಲಿ ಪಕ್ಕದ ಮಂಚದ ಹೆಂಗಸು ಮೇಷ್ಟ್ರ ಮುಖ ನೋಡಿ, ನೀರಿನ ಲೋಟ ತೆಗೆದು ಮಂಚದ ಸರಳಿಗೆ ಬಡಿಯತೊಡಗಿದರು. ಆ ಸದ್ದು ಕಾರಿಡಾರಿಗೆ ಕೇಳಿಸಿತು. ನರ್ಸು ಓಡಿದರು. ಮೇಷ್ಟ್ರ ತಲೆ ತಗ್ಗಿಸಿ, ಸಲೈನ್ ಕೊಟ್ಟು, ಉಳಿಸಿಕೊಂಡರು. ಅವರು ಉಳಿದದ್ದು ನಿನ್ನಿಂದಲೂ ಅಲ್ಲ, ಚಿಕ್ಕವನಿಂದಲೂ ಅಲ್ಲ, ನನ್ನಿಂದಂತೂ ಅಲ್ಲವೇ ಅಲ್ಲ. ಒಂದು ಲೋಟದಿಂದ.

ಲೋಟದ ಸದ್ದು ಕೇಳಿದ ಚಿಕ್ಕವನು ಏಣಿಯಿಂದ ಹಾರಿ, ಲ್ಯಾಪ್‌ಟಾಪ್ ಎತ್ತಿಕೊಂಡು ಲಾಂಡ್ರಿಗೆ ಓಡಿದ. ಒದ್ದೆ ಹೊದಿಕೆಗಳ ಗಾಡಿಗಳ ನಡುವೆ ನುಗ್ಗಿ, ಪೆಟ್ಟಿಗೆಗೆ ನೇರವಾಗಿ ತಂತಿ ಚುಚ್ಚಿ, ನಿನ್ನ ನಿಯಮವನ್ನು ಕೈಯಾರೆ ತೆಗೆದ. ಚುಕ್ಕಿ ಹಸಿರಾಯಿತು. ಫೋನಿನಲ್ಲಿ ನೀನು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ‘ನೋಡಿದ್ಯಾ, ಸಿಕ್ಕಿಸ್ದ.’

ಅಲ್ಲಿಯವರೆಗೆ ನಿನಗೆ ತಿಳಿದಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಸಂಜೆ? ಸಂಜೆ ನೀನು ಲಾಂಡ್ರಿಯ ಪೆಟ್ಟಿಗೆಯನ್ನು ತೆರೆದು ನೋಡಿದೆ. ನಿಯಮ ಇರಬೇಕಾದಲ್ಲಿ ಇರಲಿಲ್ಲ. ಆಮೇಲೆ ಡಯಾಲಿಸಿಸ್‌ನ ಆಜ್ಞೆಗೆ ದಾರಿಯನ್ನು ಮೊದಲು ಬರೆದು, ಅದರ ಕೆಳಗೆ ಹಳೆಯ ನಿಯಮ ಬರೆದು, ಮತ್ತೆ ಹಾಕಿದೆ. ಅದು ಮೊದಲು, ಉಳಿದದ್ದು ಆಮೇಲೆ. ಅವನು ಬೆಳಿಗ್ಗೆ ಹೇಳಿಕಳಿಸಿದ ಹಾಗೆಯೇ. ನಾನು ಚಹಾ ಹಿಡಿದು ನಿನ್ನ ಬೆನ್ನ ಹಿಂದೆ ನಿಂತಿದ್ದೆ. ನೀನು ತಿರುಗಿ ನನ್ನ ಮುಖ ನೋಡಿದೆ, ಲೋಟ ಇಸಿದುಕೊಂಡೆ, ‘ಸಕ್ಕರೆ ಕಮ್ಮಿ’ ಅಂದೆ.

ಮರುದಿನ ಆಸ್ಪತ್ರೆಯ ನಿರ್ದೇಶಕರ ಕೋಣೆಯಲ್ಲಿ, ಎಲ್ಲ ತಿಳಿದ ಮೇಲೆ, ‘ನಮ್ಮ ಕೆಲಸದವನೊಬ್ಬನ ಕೈತಪ್ಪು’ ಅಂದೆ. ‘ನನ್ನ ತಮ್ಮ’ ಎನ್ನಲೂ ನಿನ್ನ ನಾಲಿಗೆ ಏಳಲಿಲ್ಲ. ಅವನು ಇನ್ನು ಇಲ್ಲಿ ಕಾಲಿಡಬಾರದು ಎಂದರು ಅವರು. ಕಂಪನಿಯಲ್ಲೇ ಇಡುವುದಿಲ್ಲ ಎಂದೆ ನೀನು. ಅವರು ಅಷ್ಟು ಕೇಳಿಯೇ ಇರಲಿಲ್ಲ. ಹೊರಗೆ ಬಂದು, ಮೆಟ್ಟಿಲಿಳಿಯುತ್ತಾ, ನನಗೆ ಹೇಳಿದೆ: ‘ತಿಂಗಳ ಕೊನೆಗೆ ಲೆಕ್ಕ ಮುಗಿಸ್ತೀನಿ ಅಂತ ಹೇಳು ಅವನಿಗೆ.’

ನಾನು ಹೇಳಿಲ್ಲ.

ಎಂಟು ತಿಂಗಳಲ್ಲಿ ನಾನು ದಾಟಿಸದೆ ಉಳಿಸಿಕೊಂಡ ಮಾತು ಅದೊಂದೇ. ಅವನಿಗೆ ಈವರೆಗೂ ಏನೂ ಗೊತ್ತಿಲ್ಲ. ಆಸ್ಪತ್ರೆಯವರು ಬಿಸಿಯಾಗಿದ್ದಾರೆ, ನಾಲ್ಕು ದಿನ ಮನೆಯಲ್ಲಿರು ಎಂದಷ್ಟೇ ಹೇಳಿದ್ದೇನೆ. ದಿನಾ ಫೋನ್ ಮಾಡುತ್ತಾನೆ. ‘ಮುಂದಿನ ಕೆಲಸ ಯಾವ್ದು ಅಂತ ಕೇಳಕ್ಕ ಅವನಿಗೆ. ಮನೇಲಿ ಕೂತು ಹೆಂಡ್ತಿ ಹತ್ರ ಬೈಸ್ಕೊಂಡು ಸಾಕಾಯ್ತು.’ ಅವನೇನೂ ಸಾಧುವಲ್ಲ. ಬಾಯಿ ಉದ್ದ, ಹೊತ್ತಿಗೆ ಸರಿಯಾಗಿ ಬರುವವನಲ್ಲ, ಇಡೀ ಊರಿನ ಮುಂದೆ ನಿನ್ನನ್ನು ಮಹಾರಾಜ ಎಂದವನು. ಅದಕ್ಕೆ ಬೈ, ಬೇಕಾದರೆ ಎರಡು ಬಾರಿಸು. ಆದರೆ ಮಾಡದ ತಪ್ಪನ್ನು ಅವನ ತಲೆಗೆ ಕಟ್ಟಿ ಹೊರಗೆ ಹಾಕಿದರೆ, ಈ ಕಸುಬಿನಲ್ಲಿ ಇನ್ನು ಯಾರು ಅವನಿಗೆ ಬಾಗಿಲು ತೆರೆಯುತ್ತಾರೆ? ಆಸ್ಪತ್ರೆಯಲ್ಲಿ ರೋಗಿಯ ಗಂಟೆ ಕಿತ್ತವನು ಎಂಬ ಹೆಸರು ಹೊತ್ತುಕೊಂಡು ಯಾರ ಮುಂದೆ ನಿಲ್ಲುತ್ತಾನೆ?

ಕಂಟ್ರೋಲರಿನಲ್ಲಿ ಎಲ್ಲ ದಾಖಲಾಗಿದೆ. ತೆಗೆದು ನಿರ್ದೇಶಕರ ಮೇಜಿನ ಮೇಲೆ ಇಡಲು ನನಗೆ ಬಹಳ ಹೊತ್ತು ಬೇಡ. ಇಡುವುದಿಲ್ಲ. ಯಂತ್ರ ಹೇಳಿದರೆ ಅವರಿಗೆ ತಿಳಿಯುತ್ತದೆ, ಅಷ್ಟೇ. ನನಗೆ ಅದು ಸಾಲದು. ತಿಂಗಳು ಮುಗಿಯುವ ಮುಂಚೆ ನೀನು ಬಂದು, ಆ ಕೋಣೆಗೆ ಹೋಗಿ, ನಿನ್ನ ಬಾಯಿಂದ ಹೇಳಬೇಕು. ಹೇಳಲು ಆಗದಿದ್ದರೆ, ತಮ್ಮನನ್ನು ತೆಗೆದುಹಾಕುವ ಮಾತನ್ನಾದರೂ ಅವನ ಮುಖ ನೋಡಿ ಹೇಳು. ಎರಡೂ ಆಗದಿದ್ದರೆ ತಿಂಗಳ ಕೊನೆಗೆ ಅವನ ಜೊತೆ ನನ್ನ ಲೆಕ್ಕವನ್ನೂ ಮುಗಿಸು.

ಇನ್ನು ಯಾರ ಮಾತನ್ನೂ ಯಾರಿಗೂ ದಾಟಿಸದ,
ನಿನ್ನ ತಂಗಿ

ತಾ.ಕ.: ಶುಕ್ರವಾರ. ನಿನ್ನೆ ಸಂಜೆ ಅಡುಗೆಮನೆಯಲ್ಲಿ ಈ ಕಾಗದವನ್ನು ಅಮ್ಮನಿಗೂ ಅತ್ತಿಗೆಗೂ ಪೂರ್ತಿ ಓದಿ ಹೇಳಿದೆ. ಲಾಂಡ್ರಿಯ ಭಾಗವನ್ನು ಅಮ್ಮ ಮತ್ತೊಮ್ಮೆ ಓದಿಸಿದಳು. ಆಮೇಲೆ ಇಬ್ಬರೂ ಮಲಗಲು ಹೋದರು. ಬೆಳಿಗ್ಗೆ ನಾನು ಏಳುವುದರೊಳಗೆ ಆಸ್ಪತ್ರೆಗೆ ಹೊರಟುಹೋಗಿದ್ದರು. ಕಂಪನಿ ತನ್ನ ಹೆಸರಲ್ಲಿದೆ, ತಪ್ಪು ಹಿರಿಯವನದು ಎಂದು ಅಮ್ಮ ನಿರ್ದೇಶಕರಿಗೆ ಹೇಳಿದಳಂತೆ. ಅಂದು ಕೆಲಸದವನ ತಪ್ಪೆಂದವರೇ ಬಂದು ಅಲ್ಲವೆನ್ನಲಿ, ಅಲ್ಲಿಯವರೆಗೆ ಯಾರನ್ನೂ ತೆಗೆಯುವುದು ಬೇಡ ಎಂದರಂತೆ ಅವರು. ಅಲ್ಲಿಂದ ಇಬ್ಬರೂ ಚಿಕ್ಕವನ ಮನೆಗೆ ಹೋಗಿ, ನಾನು ಹೇಳದೆ ಇಟ್ಟದ್ದನ್ನು ಹೇಳಿದ್ದಾರೆ. ಅತ್ತಿಗೆ ಅವನನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಬಂದು, ನೀನಿರುವ ಊರಿಗೆ ತಾವೇ ಟಿಕೆಟ್ ತೆಗೆದು, ನನಗೆ ಫೋನ್ ಮಾಡಿ ಈ ಕಾಗದ ತರಿಸಿಕೊಂಡರು. ಈ ನಾಲ್ಕು ಸಾಲನ್ನು ಅಲ್ಲಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟವನು, ನೀನು ಓದಿ ಮುಗಿಸುವ ತನಕ ಬಾಯಿ ತೆರೆಯುವುದಿಲ್ಲ, ಹಾಗೆಂದು ಅತ್ತಿಗೆಯ ಮುಂದೆ ಒಪ್ಪಿಕೊಂಡಿದ್ದಾನೆ. ಓದಿ ಆಯಿತಲ್ಲ. ಇನ್ನು ತಲೆಯೆತ್ತು.